ಹದಿನೇಳನೇ ಟ್ರೇ

ಶುಕ್ರವಾರ ಬೆಳಗ್ಗೆ ಹತ್ತೂಕಾಲಿಗೆ ಪ್ರಿಂಟರು ಇಪ್ಪತ್ನಾಲ್ಕು ಚೀಟಿ ಉಗುಳಿತು. ಇಪ್ಪತ್ನಾಲ್ಕೂ ಒಂದೇ! ಒಂದನೇ ಟ್ರೇಗೆ ಏನೇನು ಕೆಲಸ ಬರೆದಿತ್ತೋ ಎರಡನೆಯದಕ್ಕೂ ಅದೇ, ಮೂರನೆಯದಕ್ಕೂ ಅದೇ, ಕೊನೆಯದಕ್ಕೂ ಅದೇ. ಆ ಚೀಟಿಗಳನ್ನು ನಂಬಿ ಕೆಲಸಕ್ಕೆ ಕೂತರೆ ಊರಿಗೆಲ್ಲ ಬೇಕಾದ ಹಲ್ಲುಗಳನ್ನು ಒಬ್ಬೊಬ್ಬರ ಬಾಯಿಗೂ ತುರುಕಬೇಕಾಗುತ್ತಿತ್ತು.

"ನಿನ್ನ ಮನೆ ಹಾಳಾಗ" ಎಂದು ಅಕ್ಕ ಪ್ರಿಂಟರಿಗೆ ಶಾಪ ಹಾಕಿದಳು. ಪ್ರಿಂಟರು ಪಾಪ ಏನು ಮಾಡೀತು, ಕೊಟ್ಟದ್ದನ್ನು ಮುದ್ರಿಸಿತ್ತು. ಗೋಡೆಯ ಗಡಿಯಾರ ನೋಡಿದಳು. ಒಂದು ಗಂಟೆಗೆ ಇನ್ನು ಮೂರು ತಾಸೂ ಉಳಿದಿರಲಿಲ್ಲ. ಒಂದಕ್ಕೆ ಸರಿಯಾದ ಚೀಟಿಗಳು ತಮ್ಮನ ಕೈ ಸೇರದಿದ್ದರೆ ಸೋಮವಾರದಿಂದ ಅವಳು ಈ ಹೊಸ್ತಿಲು ತುಳಿಯುವಂತಿರಲಿಲ್ಲ.

ಅದು ಹಲ್ಲು ಕಟ್ಟುವ ವರ್ಕ್‌ಶಾಪು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇಲ್ಲಿ ಪ್ಲಾಸ್ಟರ್ ಸುರಿದು ಆ ಬಾಯಿಯ ಅಚ್ಚು ಮಾಡಿ, ಅದರ ಮೇಲೆ ಕ್ಯಾಪೋ ಬ್ರಿಡ್ಜೋ ಪೂರ್ತಿ ಸೆಟ್ಟೋ ಕಟ್ಟಿ ವಾಪಸು ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಮೂರು ಬೆಂಚು, ಗ್ಯಾಸಿನ ಉರಿ, ಕರಗಿದ ಮೇಣದ ವಾಸನೆ, ಎಲ್ಲರ ತಲೆಯನ್ನೂ ನರೆತಂತೆ ಕಾಣಿಸುವ ಪ್ಲಾಸ್ಟರ್ ಧೂಳು. ಮುಂದಿನ ಕೋಣೆಯಲ್ಲಿ ಟ್ರೇಗಳ ಕಪಾಟು, ಒಂದು ಮೇಜು, ಮೇಜಿನ ಮೇಲೊಂದು ಹಳೆಯ ಕಂಪ್ಯೂಟರು. ಅಪ್ಪ ಕಟ್ಟಿದ ಜಾಗ. ಅಪ್ಪ ಹೋಗಿ ಹದಿಮೂರು ವರ್ಷವಾದರೂ ಅವನ ಒಂದು ನಿಯಮ ಮಾತ್ರ ಇನ್ನೂ ನಡೆಯುತ್ತಿತ್ತು: ಬಾಯಿಗೊಂದು ಟ್ರೇ. ಗೋಡೆಯ ಮೊಳೆಗಳಲ್ಲಿ ಒಂದರಿಂದ ಇಪ್ಪತ್ನಾಲ್ಕರವರೆಗೆ ನಂಬರು ಹೊಡೆದ ತಗಡಿನ ಬಿಲ್ಲೆಗಳು ತೂಗುತ್ತಿದ್ದವು. ಹೊಸ ಅಚ್ಚು ಬಂದ ಕೂಡಲೇ ತೊಳೆದ ಟ್ರೇಯೊಂದನ್ನು ತಂದು, ಅಚ್ಚನ್ನು ಅದರಲ್ಲಿಟ್ಟು, ಒಂದು ಬಿಲ್ಲೆ ಕಟ್ಟಬೇಕು. ಹಲ್ಲು ಹೋಗಿ ಬಾಯಿ ಸೇರುವವರೆಗೆ ಆ ಬಿಲ್ಲೆ ಆ ಟ್ರೇಯನ್ನು ಬಿಡುವ ಹಾಗಿಲ್ಲ.

ಅವಳನ್ನು ಅಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವುದು. ನಿಜಕ್ಕೂ ಅವಳು ಅಕ್ಕನಾಗಿದ್ದುದು ಯಜಮಾನನಿಗೆ, ಅಂದರೆ ಎಂಟು ವರ್ಷ ಚಿಕ್ಕವನಾದ ತಮ್ಮನಿಗೆ. ಇಪ್ಪತ್ತಾರು ವರ್ಷ ಕಿಟಕಿ ಪಕ್ಕದ ಬೆಂಚು ಅವಳದ್ದಾಗಿತ್ತು. ಮೇಣದಲ್ಲಿ ಅವಳು ಕೂರಿಸಿದ ಹಲ್ಲಿನ ಸಾಲು ನೋಡಿದರೆ ಹುಟ್ಟಿದಾಗಿನಿಂದ ಅಲ್ಲೇ ಇದ್ದವೇನೋ ಅನ್ನಿಸಬೇಕು, ಹಾಗಿರುತ್ತಿತ್ತು. ತಮ್ಮನಿಗೆ ಚಾಕು ಹಿಡಿಯುವುದನ್ನು ಕಲಿಸಿದವಳೂ ಅವಳೇ. ಎರಡು ವರ್ಷದ ಹಿಂದೆ ಬಲಗೈ ಸಣ್ಣಗೆ ನಡುಗತೊಡಗಿತು. ಮೊದಮೊದಲು ಅದನ್ನು ಮುಚ್ಚಿಟ್ಟಳು, ಮೊಣಕೈಯನ್ನು ಬೆಂಚಿಗೆ ಒತ್ತಿಕೊಂಡು ಕೆಲಸ ಮಾಡಿದಳು. ಎರಡು ತಿಂಗಳ ಹಿಂದೆ ನಾಲ್ಕು ಹಲ್ಲಿನ ಬ್ರಿಡ್ಜೊಂದು ಅವಳ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ.

"ಬೆಂಚು ಸಾಕು ಅಕ್ಕ. ಮನೇಲಿ ಆರಾಮಾಗಿರು, ಅಮ್ಮನ್ನ ನೋಡ್ಕೋ" ಎಂದಿದ್ದ ತಮ್ಮ.

"ಆರಾಮಾಗಿ ಏನು ಮಾಡ್ಲಿ? ಗೋಡೆ ಎಣಿಸ್ಲಾ? ಇರೋದೇ ನಾಲ್ಕು" ಎಂದಿದ್ದಳು ಅಕ್ಕ. ಆಮೇಲೆ ಅಲ್ಲೇ ಮೇಜಿನ ಮೇಲಿದ್ದ ತಮ್ಮನ ಕೆಲಸದ ಪುಸ್ತಕವನ್ನು ಎತ್ತಿ ತೋರಿಸಿದ್ದಳು. ಕಾಗೆ ಕಾಲು, ಗುಬ್ಬಿ ಕಾಲು. ಯಾವ ಟ್ರೇಗೆ ಏನು ಕೆಲಸ ಎಂಬುದು ಬರೆದವನಿಗೂ ತಿಳಿಯುತ್ತಿರಲಿಲ್ಲ. ವಾರಕ್ಕೆರಡು ಸಲವಾದರೂ ಹುಡುಕಾಟ, ಕೂಗಾಟ. "ಇದನ್ನ ನಾನು ಕಂಪ್ಯೂಟರಲ್ಲಿ ಮಾಡ್ತೀನಿ. ದಿನಾ ಬೆಳಗ್ಗೆ ಟ್ರೇಗೊಂದು ಚೀಟಿ ಬರೋ ಹಾಗೆ."

ತಮ್ಮ ನಕ್ಕಿದ್ದ. ಆ ನಗುವೇ ಅವಳನ್ನು ಎಂಟು ವಾರ ಗ್ರಂಥಾಲಯದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ತರಗತಿಯಲ್ಲಿ, ತನಗಿಂತ ಮೂವತ್ತು ವರ್ಷ ಚಿಕ್ಕವರ ನಡುವೆ, ಜಪ್ಪಯ್ಯ ಅಂದರೂ ಏಳದೆ ಕೂರುವಂತೆ ಮಾಡಿತು. ಕೊನೆಗೆ ತಮ್ಮನೇ ಗಡುವು ಕೊಟ್ಟ: "ಶುಕ್ರವಾರ ಮಧ್ಯಾಹ್ನ ಒಂದು ಗಂಟೆ. ಒಂದೇ ಒಂದು ಚೀಟಿ ತಪ್ಪಿದ್ರೂ ಬೇಡ. ಬೇರೆಯೋರ ಬಾಯಿ ವಿಷ್ಯ ಇದು, ಮಕ್ಕಳಾಟ ಅಲ್ಲ."

ಆ ಶುಕ್ರವಾರವೇ ಇದು. ಈಗ ನೋಡಿ ಚೀಟಿಗಳ ಅವತಾರ!

ಬೆಳಗ್ಗೆ ಎಂಟಕ್ಕೇ ಬಂದು ತಮ್ಮನ ಪುಸ್ತಕದ ಒಂದೊಂದು ಸಾಲನ್ನೂ ಕಂಪ್ಯೂಟರಿಗೆ ಹೊಡೆದಿದ್ದಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಒಂದೇ ಬೆರಳಲ್ಲಿ. ಹಾಗೆ ಹಿಡಿದರೂ ಕೆಲವು ಅಕ್ಷರ ಎರಡೆರಡು ಬೀಳುತ್ತಿದ್ದವು. ಅಳಿಸಬೇಕು, ಮತ್ತೆ ಹೊಡೆಯಬೇಕು. ಟ್ರೇ ನಂಬರು, ಕೆಲಸ. ಟ್ರೇ ನಂಬರು, ಕೆಲಸ. ಹೀಗೆ ನಲವತ್ತೊಂದು ಸಾಲು. ಅವಳ ಪ್ರೋಗ್ರಾಮು ಮಾಡಬೇಕಾದದ್ದು ಇಷ್ಟೇ: ಮೊದಲು ಇಪ್ಪತ್ನಾಲ್ಕು ಖಾಲಿ ಪಟ್ಟಿ ಮಾಡಿಕೊಳ್ಳುವುದು, ಒಂದೊಂದು ಸಾಲನ್ನೂ ಓದಿ ಆಯಾ ನಂಬರಿನ ಪಟ್ಟಿಗೆ ಆ ಕೆಲಸ ಸೇರಿಸುವುದು, ಕೊನೆಗೆ ಪಟ್ಟಿಗೊಂದು ಚೀಟಿ ಮುದ್ರಿಸುವುದು. ಯಂತ್ರ ಒಂದರ ಬದಲು ಸೊನ್ನೆಯಿಂದ ಎಣಿಸುತ್ತದೆ ಎಂಬ ತಕರಾರನ್ನು ಅವಳು ಕಳೆದ ತಿಂಗಳೇ ಬಗೆಹರಿಸಿಕೊಂಡಿದ್ದಳು. ಇನ್ನೇನು ಕೊರತೆ?

ಮೊದಲು ಸಾಲುಗಳನ್ನು ಪುಸ್ತಕಕ್ಕೆ ತಾಳೆ ಹಾಕಿದಳು. ಸರಿಯಿದ್ದವು. ಇನ್ನೊಮ್ಮೆ ತಾಳೆ ಹಾಕಿದಳು. ಆಗಲೂ ಸರಿಯಿದ್ದವು, ಅದೇ ಅವಳಿಗೆ ಸಿಟ್ಟು ಬರಿಸಿತು. ತಪ್ಪಾದರೂ ಸಿಕ್ಕಿದ್ದರೆ ತಿದ್ದಬಹುದಿತ್ತು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಮತ್ತೆ ಮುದ್ರಿಸಿದಳು. ಮತ್ತೆ ಅದೇ ಇಪ್ಪತ್ನಾಲ್ಕು ಅವಳಿ ಜವಳಿ. ಇಪ್ಪತ್ತರಿಂದ ಇಪ್ಪತ್ನಾಲ್ಕರವರೆಗಿನ ಟ್ರೇಗಳು ಆ ದಿನ ಇನ್ನೂ ಬಂದೇ ಇರಲಿಲ್ಲ, ಬಿಲ್ಲೆಗಳು ಗೋಡೆಯ ಮೇಲೇ ಇದ್ದವು. ಅವಕ್ಕೂ ನಲವತ್ತೊಂದು ಕೆಲಸ! ಹುಟ್ಟದ ಮಗುವಿಗೆ ಕುಲಾವಿ ಹೊಲಿದರು ಅಂತಾರಲ್ಲ, ಇದು ಹಲ್ಲನ್ನೇ ಕಟ್ಟಿಬಿಟ್ಟಿತ್ತು.

ಸರಿ, ಸಣ್ಣದರಿಂದ ಹಿಡಿಯೋಣ ಎಂದುಕೊಂಡಳು. ಎಲ್ಲವನ್ನೂ ಬದಿಗಿಟ್ಟು ಖಾಲಿ ಪಟ್ಟಿಗಳನ್ನಷ್ಟೇ ತೆರೆಯ ಮೇಲೆ ತೋರಿಸು ಎಂದಳು. ತೋರಿಸಿತು: ಇಪ್ಪತ್ನಾಲ್ಕು ಜೋಡಿ ಚೌಕ ಆವರಣ, ಎಲ್ಲ ಖಾಲಿ, ಸಾಲಾಗಿ. ಎಣಿಸಿದಳು, ಇಪ್ಪತ್ನಾಲ್ಕೇ. ಮೂರನೆಯದಕ್ಕೆ ಒಂದೇ ಒಂದು ಕ್ಯಾಪ್ ಸೇರಿಸು ಎಂದಳು. ಮತ್ತೆ ತೋರಿಸಿತು. ಇಪ್ಪತ್ನಾಲ್ಕರಲ್ಲೂ ಕ್ಯಾಪ್! ನಾಲ್ಕನೆಯದನ್ನು ಖಾಲಿ ಮಾಡು ಎಂದಳು. ಇಪ್ಪತ್ನಾಲ್ಕೂ ಖಾಲಿ. ಒಬ್ಬಳಿಗೆ ಬಡಿಸಿದರೆ ಓಣಿಗೆಲ್ಲ ಹೊಟ್ಟೆ ತುಂಬುತ್ತದೆ, ಒಬ್ಬಳು ತಟ್ಟೆ ತೊಳೆದರೆ ಓಣಿಗೆಲ್ಲ ಉಪವಾಸ. ಇದ್ಯಾವ ಸೀಮೆ ನ್ಯಾಯ?

"ಅಯ್ಯೋ ನಿನ್ನ!" ಎಂದು ಕೀಲಿಮಣೆಯ ಮೇಲೆ ಅಂಗೈ ಬಡಿದಳು. ಹಿಂದಿನ ಕೋಣೆಯಿಂದ ತಮ್ಮ ಇಣುಕಿದ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಹುಬ್ಬಿನ ಮೇಲೆ ಪ್ಲಾಸ್ಟರು.

"ಏನಾಯ್ತು?"

"ಏನೂ ಆಗಿಲ್ಲ."

"ಏನೂ ಆಗದಿರೋದಕ್ಕೆ ಇಷ್ಟು ಸದ್ದಾ?" ಎನ್ನುತ್ತ ಮೇಜಿನ ಮೇಲಿದ್ದ ಚೀಟಿಯೊಂದನ್ನು ಎತ್ತಿಕೊಂಡ. ಓದಿದ. ಇನ್ನೊಂದನ್ನು ಎತ್ತಿಕೊಂಡ. ಅವನ ಮುಖದಲ್ಲಿ ನಗು ಬರಲಿಲ್ಲ, ಬಂದಿದ್ದರೇ ವಾಸಿಯಿತ್ತು. ಕನಿಕರ ಬಂದಿತು. "ಪರವಾಗಿಲ್ಲ ಬಿಡಕ್ಕ. ನೀನು ಪ್ರಯತ್ನ ಪಟ್ಟೆಯಲ್ಲ, ಅಷ್ಟು ಸಾಕು."

"ಗಡಿಯಾರದಲ್ಲಿ ಒಂದು ಹೊಡೀತಾ?" ಎಂದಳು ಅಕ್ಕ.

"ಇಲ್ಲ."

"ಹಾಗಾದ್ರೆ ಹೋಗು ಒಳಗೆ."

ಅವನು ಹೋದ. ಅವಳಿಗೆ ಕಣ್ಣು ತುಂಬಿ ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ರೇಗಿತು. ಐವತ್ತೆರಡು ವರ್ಷದ ಹೆಂಗಸು, ಒಂದು ಜುಜುಬಿ ಪಟ್ಟಿಯೆದುರು ಮೂಗು ಒರೆಸಿಕೊಳ್ಳುತ್ತ ಕೂರುವುದೇ? ಪ್ರೋಗ್ರಾಮಿನ ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಮೊದಲ ಸಾಲು ಹೀಗಿತ್ತು:

ಟ್ರೇಗಳು = [[]] * 24

ಈ ಸಾಲಿನ ಮೇಲೆ ಅವಳಿಗೆ ಹೆಮ್ಮೆ. ಒಳಗಿನ ಜೋಡಿ ಆವರಣ ಒಂದು ಖಾಲಿ ಟ್ರೇ, ಹೊರಗಿನ ಜೋಡಿ ಕಪಾಟು, ಆಮೇಲಿನ ನಕ್ಷತ್ರದಂಥ ಚಿಕ್ಕಿ ಅಂದರೆ ಗುಣಾಕಾರ. ಒಂದು ಖಾಲಿ ಟ್ರೇಯನ್ನು ಇಪ್ಪತ್ನಾಲ್ಕು ಮಾಡು. ಇದರಲ್ಲಿ ತಪ್ಪು ಇರಬಹುದು ಎಂಬ ಯೋಚನೆಯೇ ಅವಳಿಗೆ ಹೊಳೆಯಲಿಲ್ಲ, ಯಾಕೆಂದರೆ ಇಪ್ಪತ್ತಾರು ವರ್ಷ ಅವಳು ಮಾಡಿದ್ದೇ ಅದು. ಒಂದು ಬಾಯಿಯ ಅಚ್ಚಿಗೆ ನಕಲು ಬೇಕೆಂದರೆ ಅದರ ಸುತ್ತ ರಬ್ಬರು ಸುರಿದು ಎರಕದ ಗುಂಡಿ ಮಾಡುತ್ತಾರೆ. ಆ ಒಂದು ಗುಂಡಿಯಿಂದ ಹತ್ತು ಬೇಕಾದರೆ ಹತ್ತು, ಇಪ್ಪತ್ನಾಲ್ಕು ಬೇಕಾದರೆ ಇಪ್ಪತ್ನಾಲ್ಕು ಅಚ್ಚು ಸುರಿಯಬಹುದು. ಸುರಿದ ಮೇಲೆ ಒಂದೊಂದೂ ಬೇರೆ ಬೇರೆ. ಒಂದನ್ನು ಕೆತ್ತಿದರೆ, ಒಡೆದರೆ, ಬೀದಿಗೆಸೆದರೆ ಉಳಿದವಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ತರಗತಿಯ ಮೇಷ್ಟ್ರು ಚಿಕ್ಕಿ ಹಾಕಿ ಒಂದು ಸೊನ್ನೆಯನ್ನು ಐದು ಸೊನ್ನೆ ಮಾಡಿ ತೋರಿಸಿದಾಗ "ಓ, ಎರಕ!" ಎಂದುಕೊಂಡಿದ್ದಳು. ಮೇಷ್ಟ್ರು ಎರಡನೇ ಸೊನ್ನೆಯನ್ನು ಒಂಬತ್ತು ಮಾಡಿದಾಗ ಉಳಿದ ನಾಲ್ಕು ಸೊನ್ನೆ ಅಲ್ಲಾಡಿರಲಿಲ್ಲ. ಸೊನ್ನೆಗೆ ಒಪ್ಪಿದ್ದು ಟ್ರೇಗೆ ಯಾಕೆ ಒಪ್ಪಬಾರದು?

ಮೊದಲ ಸಾಲನ್ನು ಹಾಗೇ ದಾಟಿ, ಸೇರಿಸುವ ಸಾಲುಗಳನ್ನು ಅಳಿಸಿ ಬರೆದಳು. ಮುದ್ರಿಸುವ ಸಾಲುಗಳನ್ನು ಅಳಿಸಿ ಬರೆದಳು. ನೆಗಡಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ. ಹನ್ನೊಂದೂಕಾಲಾಯಿತು. ಫೋನು ಹೊಡೆದುಕೊಂಡಿತು.

ಅಮ್ಮ. ಅಕ್ಕನೂ ಅಮ್ಮನೂ ಇರುವುದು ಒಂದೇ ಮನೆಯಲ್ಲಿ, ಆದರೂ ದಿನಾ ಈ ಹೊತ್ತಿಗೆ ಅಮ್ಮನಿಂದ ಒಂದು ಫೋನು ಬಂದೇ ಬರಬೇಕು. ಏಳು ವಾರದ ಹಿಂದೆ ಅಮ್ಮನ ಹಲ್ಲಿನ ಸೆಟ್ಟು ತೊಳೆಯುವಾಗ ಕೈಜಾರಿ ಬಚ್ಚಲಲ್ಲಿ ಬಿದ್ದು ಎರಡು ಹೋಳಾಗಿತ್ತು. ಅಂದಿನಿಂದ ಹಿಸುಕಿದ್ದು, ಅರೆದದ್ದು, ಸುರಿದುಕೊಳ್ಳುವಂಥದ್ದು, ಇಷ್ಟೇ ಊಟ. ಪಕ್ಕದ ಮನೆಯ ಗೆಳತಿ ಹರಟೆಗೆ ಬಂದರೆ ಅಮ್ಮ ತಲೆನೋವು ಅನ್ನುತ್ತಾಳೆ. ನಗು ಬಂದರೆ ಅಂಗೈ ಅಡ್ಡ ಹಿಡಿಯುತ್ತಾಳೆ, ಮಗಳ ಮುಂದೆಯೂ.

"ನನ್ನ ಹಲ್ಲು ಏನಾಯ್ತೇ?" ಹಲ್ಲಿಲ್ಲದ ಬಾಯಲ್ಲಿ ಅರ್ಧ ಅಕ್ಷರ ಗಾಳಿಗೆ ಹೋಗುತ್ತಿದ್ದವು.

ಅಕ್ಕ ಹಿಂದಿನ ಕೋಣೆಗೆ ಮುಖ ಮಾಡಿ ಕೂಗಿದಳು. "ಅಮ್ಮ ಕೇಳ್ತಿದಾಳೆ ಕಣೋ, ಹಲ್ಲು!"

"ಲಿಸ್ಟಲ್ಲಿದೆ ಅಂತ ಹೇಳು" ಎಂದ ತಮ್ಮ, ಉಜ್ಜುವ ಯಂತ್ರದ ಸದ್ದಿನ ನಡುವೆ. ಏಳು ವಾರದಿಂದ ಇದೇ ಉತ್ತರ. ಅಳತೆ ತೆಗೆದಾಯಿತು, ಅಚ್ಚು ಆಯಿತು, ಟ್ರೇಗೆ ಹಾಕಿದೀನಿ, ಲಿಸ್ಟಲ್ಲಿದೆ.

"ಲಿಸ್ಟಲ್ಲಿದೆಯಂತೆ ಅಮ್ಮ."

"ಊರಿಗೆಲ್ಲ ಹಲ್ಲು ಕಟ್ಟೋರ ಮನೇಲಿ ನನ್ನ ಬಾಯಿ ಬೋಳು. ದೀಪದ ಬುಡದಲ್ಲೇ ಕತ್ತಲು ಅನ್ನೋದು ಸುಳ್ಳಲ್ಲ" ಎಂದಳು ಅಮ್ಮ. "ನಿನ್ನ ಕಂಪ್ಯೂಟರು ಆಯ್ತಾ?"

"ಆಗ್ತಾ ಇದೆ."

"ಅದೂ ಲಿಸ್ಟಲ್ಲಿದೆ ಅನ್ನು" ಎಂದು ಅಮ್ಮ ಫೋನಿಟ್ಟಳು.

ಹನ್ನೊಂದೂಮುಕ್ಕಾಲಿಗೆ ಗಾಳಿ ಬಂದ. ಕ್ಲಿನಿಕ್ಕುಗಳಿಂದ ಅಚ್ಚುಗಳನ್ನು ಚೀಲದಲ್ಲಿ ತರುವವನು. ನಲವತ್ತು ದಾಟಿದ ಆಸಾಮಿ. ಬಂದದ್ದು ಗೊತ್ತಾಗುವಷ್ಟರಲ್ಲಿ ಹೋಗಿರುತ್ತಿದ್ದುದರಿಂದ ಆ ಹೆಸರು. ಅಕ್ಕ ತೆರೆಯಿಂದ ಕಣ್ಣು ಕೀಳಲಿಲ್ಲ. ಬೆನ್ನ ಹಿಂದೆ ಚೀಲದ ಸರಪರ ಕೇಳಿತು, ಬಿಲ್ಲೆಗಳ ಟಿಣಿಟಿಣಿ ಕೇಳಿತು, "ಬರ್ತೀನಕ್ಕ" ಕೇಳಿತು. ಯಾಕೋ ತಿರುಗಿ ನೋಡಿದಳು. ಕಪಾಟಿನ ಅಂಚಿನಲ್ಲಿ ಒಂದೇ ಒಂದು ಟ್ರೇ. ಅದರೊಳಗೆ ಐದು ಅಚ್ಚು, ಒಂದರ ಮೇಲೊಂದು ಏರಿಕೊಂಡು. ಟ್ರೇಯ ಕಿವಿಗೆ ದಾರದಲ್ಲಿ ಐದು ಬಿಲ್ಲೆ.

"ಏಯ್! ನಿಲ್ಲು ಅಲ್ಲೇ!"

ಗಾಳಿ ಬಾಗಿಲಲ್ಲೇ ನಿಂತ.

"ಏನಿದು?"

"ಐದು ಕೇಸಕ್ಕ. ತೊಳೆದಿರೋ ಟ್ರೇ ಒಂದೇ ಇತ್ತು. ಬಿಲ್ಲೆ ಎಲ್ಲಾ ಕಟ್ಟಿದೀನಲ್ಲ, ಇಪ್ಪತ್ತರಿಂದ ಇಪ್ಪತ್ನಾಲ್ಕು. ಬೇಕಾದ್ರೆ ಎಣಿಸ್ಕೊಳ್ಳಿ, ಐದಕ್ಕೆ ಐದೂ ಇದೆ."

ಬೆಳಗಿನಿಂದ ಕುದಿಯುತ್ತಿದ್ದುದೆಲ್ಲ ಉಕ್ಕಿತು. ಯಂತ್ರಕ್ಕೆ ಬೈದರೆ ಅದಕ್ಕೆ ನಾಟುವುದಿಲ್ಲ. ಇಲ್ಲಿ ಬೈಸಿಕೊಳ್ಳಲು ಜೀವಂತ ಮನುಷ್ಯ ಸಿಕ್ಕಿದ್ದ. "ಬಿಲ್ಲೆ ಐದಿದ್ರೆ ಟ್ರೇ ಐದಾಗುತ್ತೇನಯ್ಯಾ? ತಲೆಯಲ್ಲಿ ಮೆದುಳಿದೆಯೋ ಪ್ಲಾಸ್ಟರಿದೆಯೋ? ಬಾಯಿಗೊಂದು ಟ್ರೇ ಅಂತ ನಮ್ಮಪ್ಪ ಸಾಯೋವರೆಗೂ ಬಡ್ಕೊಂಡ. ಈಗ ಇಪ್ಪತ್ತನ್ನ ಎತ್ಕೊಂಡ್ರೂ ಇದೇ ಟ್ರೇ ಕೈಗೆ ಬರುತ್ತೆ, ಇಪ್ಪತ್ನಾಲ್ಕನ್ನ ಎತ್ಕೊಂಡ್ರೂ ಇದೇ ಟ್ರೇ ಬರುತ್ತೆ! ನಾನು ಇಪ್ಪತ್ತಕ್ಕೆ ಅಂತ ಒಂದು ಕ್ಯಾಪ್ ಹಾಕಿದ್ರೆ ಅದು ಐದಕ್ಕೂ..."

ಅಲ್ಲಿಗೆ ಮಾತು ನಿಂತಿತು. ಬಾಯಿ ತೆರೆದೇ ಇತ್ತು.

"ಐದಕ್ಕೂ ಏನಕ್ಕ?" ಎಂದ ಗಾಳಿ, ಇನ್ನೂ ಬೈಗುಳ ಬಾಕಿಯಿದೆಯೆಂಬ ಭಯದಲ್ಲಿ.

"ಐದಕ್ಕೂ ಹಾಕಿದ ಹಾಗೆ" ಎಂದಳು ಅಕ್ಕ ಮೆಲ್ಲಗೆ. ತಿರುಗಿ ತೆರೆಯನ್ನು ನೋಡಿದಳು. ಇಪ್ಪತ್ನಾಲ್ಕು ಜೋಡಿ ಆವರಣ, ಸಾಲಾಗಿ. ಒಂದೂವರೆ ಗಂಟೆ ಹೊತ್ತು ಎಣಿಸಿದ್ದು ಬಿಲ್ಲೆಗಳನ್ನು! ಟ್ರೇ ಇದ್ದದ್ದು ಒಂದೇ. ಚಿಕ್ಕಿ ಎರಕ ಸುರಿದಿರಲಿಲ್ಲ. ಇರುವ ಒಂದೇ ಖಾಲಿ ಟ್ರೇಯ ಕಿವಿಗೆ ಇಪ್ಪತ್ನಾಲ್ಕು ಬಿಲ್ಲೆ ಕಟ್ಟಿ, ಗಾಳಿಯ ಹಾಗೇ, ಎಣಿಸ್ಕೊಳ್ಳಿ ಅಂದಿತ್ತು. ಸೊನ್ನೆಯ ವಿಷಯದಲ್ಲಿ ಇದು ಗೊತ್ತಾಗದೇ ಹೋದದ್ದೂ ಈಗ ಅರ್ಥವಾಯಿತು. ಮೇಷ್ಟ್ರು ಸೊನ್ನೆಯೊಳಗೆ ಏನನ್ನೂ ಹಾಕಿರಲಿಲ್ಲ, ಸೊನ್ನೆಯನ್ನು ತೆಗೆದು ಆ ಜಾಗದಲ್ಲಿ ಒಂಬತ್ತನ್ನು ಇಟ್ಟಿದ್ದರು, ಅಷ್ಟೇ. ಇವಳು ಟ್ರೇಯನ್ನು ಬದಲಿಸದೆ ಅದರೊಳಕ್ಕೇ ತುಂಬುತ್ತ ಹೋಗಿದ್ದಳು.

"ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದಳು.

ಗಾಳಿ ಹೆದರಿದ. ಬೈಗುಳವಾದರೆ ಅವನಿಗೆ ಅಭ್ಯಾಸವಿತ್ತು. "ನಾನು ಹೋಗ್ಲಾ?"

"ಹೋಗ್ತೀಯಾ? ನಾಲ್ಕು ಟ್ರೇ ತೊಳಿ ಮೊದ್ಲು. ಒಂದೊಂದು ಅಚ್ಚನ್ನ ಒಂದೊಂದ್ರಲ್ಲಿ ಇಟ್ಟು, ಒಂದೊಂದು ಬಿಲ್ಲೆ ಕಟ್ಟು. ಆಮೇಲೆ ಎಲ್ಲಿಗೆ ಬೇಕಾದ್ರೂ ಬೀಸಿಕೊಂಡು ಹೋಗು."

ಅವನು ತೊಟ್ಟಿಯ ಹತ್ತಿರ ನೀರು ಬಿಟ್ಟುಕೊಂಡು ಗೊಣಗುತ್ತ ತೊಳೆಯುತ್ತಿರುವಾಗ ಅಕ್ಕ ತರಗತಿಯ ನೋಟ್ ಪುಸ್ತಕ ತಿರುವಿದಳು. ಆರನೇ ವಾರದ ಪುಟದಲ್ಲಿ ಬೇಕಾದದ್ದು ಸಿಕ್ಕಿತು. ಅಂದು ಬರೆದುಕೊಂಡಿದ್ದಳೇ ಹೊರತು ಇದ್ಯಾತಕ್ಕೆ ಬೇಕು ಎಂದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆಯನ್ನೂ ಹಾಕಿಟ್ಟಿದ್ದಳು. ಹೆಮ್ಮೆಯ ಆ ಮೊದಲ ಸಾಲನ್ನು ಅಳಿಸಿದಳು. ಅಳಿಸುವಾಗ ಕೈ ನಡುಗಿ ಎರಡು ಸಾಲು ಹೆಚ್ಚೇ ಅಳಿಸಿಹೋದವು, ಮತ್ತೆ ತಂದುಕೊಂಡಳು. ಹೊಸದಾಗಿ ಬರೆದಳು:

ಟ್ರೇಗಳು = [[] for ನಂಬರು in range(24)]

ಅಂದರೆ, ಗಾಳಿಗೆ ಹೇಳಿದ್ದೇ. ಒಂದೊಂದು ನಂಬರಿಗೂ ತೊಟ್ಟಿಗೆ ಹೋಗು, ಒಂದೊಂದು ಸಲವೂ ಹೊಸದಾಗಿ ತೊಳೆದ ಟ್ರೇಯನ್ನೇ ತಂದಿಡು. ತೆರೆಯ ಮೇಲೆ ನೋಡಿದರೆ ಮೊದಲಿನದೇ ಇಪ್ಪತ್ನಾಲ್ಕು ಜೋಡಿ ಆವರಣ, ಕೂದಲೆಳೆಯ ವ್ಯತ್ಯಾಸವಿಲ್ಲ. ಮೂರನೆಯದಕ್ಕೆ ಒಂದು ಕ್ಯಾಪ್ ಹಾಕು ಎಂದಳು. ನೋಡಿದಳು. ಮೂರನೆಯದರಲ್ಲಿ ಕ್ಯಾಪಿತ್ತು. ಎರಡು ಖಾಲಿ, ನಾಲ್ಕು ಖಾಲಿ, ಉಳಿದವೆಲ್ಲ ಖಾಲಿ.

ಹೊಸ ಐದು ಕೇಸುಗಳ ಕೆಲಸವನ್ನು ವೈದ್ಯರ ಚೀಟಿಗಳಿಂದ ನೋಡಿ ಹೊಡೆದು ಮುಗಿಸುವಷ್ಟರಲ್ಲಿ ಒಂದಕ್ಕೆ ಹತ್ತು ನಿಮಿಷವಿತ್ತು. ಮುದ್ರಿಸಿದಳು. ಒಂದು ಗಂಟೆಗೆ ತಮ್ಮ ಕೈ ಒರೆಸಿಕೊಳ್ಳುತ್ತ ಬಂದಾಗ ಇಪ್ಪತ್ನಾಲ್ಕು ಚೀಟಿಗಳು ಮೇಜಿನ ಮೇಲೆ ನಂಬರಿನಂತೆ ಹರಡಿದ್ದವು.

ಅವನು ಕುರ್ಚಿ ಎಳೆದುಕೊಂಡು ಕೂತು, ಪುಸ್ತಕ ತೆರೆದು, ಒಂದೊಂದು ಚೀಟಿಯನ್ನೂ ಹಿಡಿದು ತಾಳೆ ಹಾಕತೊಡಗಿದ. ಒಂದು. ಸರಿ. ಎರಡು. ಸರಿ. ಅವನು ತಪ್ಪು ಹುಡುಕುತ್ತಿದ್ದಾನೆಂಬುದು ಅವನ ಪೆನ್ಸಿಲ್ಲಿನ ನಡಿಗೆಯಲ್ಲೇ ಕಾಣುತ್ತಿತ್ತು. ಹತ್ತು ದಾಟಿದ ಮೇಲೆ ಅವನ ಹುಬ್ಬು ಮೇಲೇರಿತು. ಹದಿನಾರಕ್ಕೆ "ಭೇಷ್" ಎಂದ, ತನಗೇ ಎಂಬಂತೆ. ಅಕ್ಕ ನಡುಗುವ ಕೈಯನ್ನು ಇನ್ನೊಂದು ಕೈಯೊಳಗೆ ಇಟ್ಟುಕೊಂಡು ನಿಂತಿದ್ದಳು.

ಹದಿನೇಳನೇ ಚೀಟಿಯನ್ನು ಎತ್ತಿದವನು ಅದನ್ನೇ ಹಿಡಿದುಕೊಂಡು ಕೂತ. ಮೇಲೆ ಹದಿನೇಳು ಎಂಬ ನಂಬರು. ಕೆಳಗೆ ಏನೂ ಇಲ್ಲ, ಬರೀ ಬಿಳಿ ಕಾಗದ.

"ಇದು?"

ಇಪ್ಪತ್ನಾಲ್ಕು ಟ್ರೇ ಬೇರೆ ಬೇರೆಯಾದ ಸಂಭ್ರಮದಲ್ಲಿ ಒಂದು ಖಾಲಿಯೇ ಉಳಿದದ್ದನ್ನು ಅಕ್ಕ ಗಮನಿಸಿರಲೇ ಇಲ್ಲ.

"ನೋಡಕ್ಕ" ಎಂದ ತಮ್ಮ. ದನಿ ಮೃದುವಾಗಿತ್ತು, ಅದೇ ಕೆಟ್ಟದ್ದು. "ಇಪ್ಪತ್ಮೂರು ಸರಿ ಬಂದಿರಬಹುದು. ಇವತ್ತು ಹದಿನೇಳನ್ನ ನುಂಗಿದೆ, ನಾಳೆ ಯಾವುದನ್ನ ನುಂಗುತ್ತೋ. ಯಾರದ್ದೋ ಹಲ್ಲು ಕಪಾಟಲ್ಲೇ ಕೊಳೀತಾ ಇರುತ್ತೆ, ನಮಗೆ ಗೊತ್ತೇ ಆಗಲ್ಲ. ಒಂದೇ ಒಂದು ತಪ್ಪಿದ್ರೂ ಬೇಡ ಅಂತ ಹೇಳಿದ್ದೆ ತಾನೆ?"

"ತಡಿ" ಎಂದಳು ಅಕ್ಕ. ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಮೇಲಿನಿಂದ ಕೆಳಗೆ ಬೆರಳಿಟ್ಟು ಹುಡುಕಿದಳು. ಹದಿನಾರು ಸಿಕ್ಕಿತು, ಹದಿನೆಂಟು ಮೂರು ಕಡೆ ಸಿಕ್ಕಿತು. ಪುಟ ತಿರುವಿದಳು. ಹಿಂದಿನ ಪುಟ, ಅದರ ಹಿಂದಿನದು. ಭಯ ಇಳಿಯುತ್ತ ಇಳಿಯುತ್ತ ಆ ಜಾಗದಲ್ಲಿ ಬೇರೇನೋ ಏರತೊಡಗಿತು. "ಹದಿನೇಳು ನಿನ್ನ ಪುಸ್ತಕದಲ್ಲೇ ಇಲ್ಲ."

"ಇಲ್ದೆ ಎಲ್ಲಿ ಹೋಗುತ್ತೆ? ಬಿಲ್ಲೆ ನಾನೇ ಕಟ್ಟಿದೀನಿ."

"ಬಿಲ್ಲೆ ಕಟ್ಟಿದೀಯ. ಕೆಲಸ ಬರೆದಿಲ್ಲ. ಬರೆಯದೇ ಇರೋದು ಎಲ್ಲಿಂದ ಬರುತ್ತೆ? ಟ್ರೇ ಖಾಲಿ, ಅದಕ್ಕೇ ಚೀಟಿ ಖಾಲಿ. ಯಂತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ" ಎಂದಳು ಅಕ್ಕ. "ಯಾರದ್ದದು, ಹದಿನೇಳು?"

ತಮ್ಮನ ಕಣ್ಣು ಕಪಾಟಿನ ಅತಿ ಮೇಲಿನ ಹಲಗೆಗೆ ಹೋಯಿತು, ಅಲ್ಲೇ ನಿಂತಿತು. ನಿಧಾನವಾಗಿ ಎದ್ದು, ತುದಿಗಾಲಲ್ಲಿ ನಿಂತು, ಹಳೆಯ ಡಬ್ಬಿಗಳ ಹಿಂದಿನಿಂದ ಒಂದು ಟ್ರೇ ಇಳಿಸಿದ. ಬೆರಳಿನ ಗುರುತು ಮೂಡುವಷ್ಟು ಧೂಳು. ಒಳಗೆ ಮೇಲಿನ ದವಡೆಯ ಅಚ್ಚೊಂದು, ಕೆಳಗಿನದೊಂದು, ಎರಡೂ ಹಲ್ಲಿಲ್ಲದ ಬೋಳು ವಸಡು. ಬದಿಯಲ್ಲಿ ಅವನದೇ ಅಕ್ಷರದಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು: ಅಮ್ಮ.

ಬೆಳಗಿನಿಂದ ಎಲ್ಲರ ಮೇಲೂ ಹರಿಹಾಯ್ದಿದ್ದ ಅಕ್ಕ ಪೆನ್ಸಿಲ್ಲಿನ ಆ ಅಕ್ಷರದ ಮೇಲೆ ಬೆರಳಿಟ್ಟಳು. "ಏಳು ವಾರ ಕಣೋ" ಎಂದಳು.

"ಡಾಕ್ಟರುಗಳ ಕೇಸು ಮೊದ್ಲು ಮುಗಿಸೋಣ ಅಂತ... ಅಮ್ಮಂದು ಮನೇದೇ ಅಲ್ವಾ, ಬರೆಯೋದೇನು, ನೆನಪಿರುತ್ತೆ ಅಂತ..." ಅವನು ಟ್ರೇಯ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. "ಲಿಸ್ಟಲ್ಲಿದೆ ಅಂತ ದಿನಾ ಹೇಳಿ ಹೇಳಿ, ನಾನೂ ಹಾಗೇ ಅಂದ್ಕೊಂಡುಬಿಟ್ಟೆ."

"ಹೇಳು" ಎಂದು ಅಕ್ಕ ಕಂಪ್ಯೂಟರಿನ ಮುಂದೆ ಕೂತಳು.

"ಏನು ಹೇಳ್ಲಿ?"

"ಕೆಲಸ ಹೇಳು. ಹದಿನೇಳಕ್ಕೆ."

"ಮೇಲಿನ ಸೆಟ್ಟು ಒಂದು" ಎಂದ. ಅವಳು ಮಣಿಕಟ್ಟು ಹಿಡಿದುಕೊಂಡು ಹೊಡೆದಳು. "ಕೆಳಗಿನ ಸೆಟ್ಟು ಒಂದು. ಬಣ್ಣ..." ಅಲ್ಲಿ ಅವನು ತಡವರಿಸಿದ. ಬಣ್ಣದ ನಂಬರು ಅವನು ಕೇಳಿಯೇ ಇರಲಿಲ್ಲ.

"ಮೂರು" ಎಂದಳು ಅಕ್ಕ. "ತೀರಾ ಬಿಳಿ ಬೇಡ, ಈ ವಯಸ್ಸಿಗೆ ನಗೆಪಾಟಲು ಅಂತ ಹೇಳಿದಾಳೆ."

ಮತ್ತೆ ಮೂರು ಚೀಟಿ ಮುದ್ರಿಸಿದಳು. ಹದಿನೇಳರಲ್ಲಿ ಅಮ್ಮನ ಎರಡು ಸೆಟ್ಟು. ಹದಿನಾರನ್ನೂ ಹದಿನೆಂಟನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಅವುಗಳಲ್ಲಿ ಅವುಗಳದ್ದೇ ಇತ್ತು, ಅಮ್ಮನ ಹಲ್ಲು ಬೇರೆ ಯಾರ ಬಾಯಿಗೂ ಹೋಗಿರಲಿಲ್ಲ. ತಮ್ಮ ಉಳಿದ ಏಳು ಚೀಟಿಗಳನ್ನು ತಾಳೆ ಹಾಕಲೇ ಇಲ್ಲ.

ಫೋನು ಹೊಡೆದುಕೊಂಡಿತು. ಒಂದು ಗಂಟೆಗೆ ಏನಾಗುವುದಿದೆಯೆಂದು ಅಮ್ಮನಿಗೂ ಗೊತ್ತಿತ್ತು. ಅಕ್ಕ ಎತ್ತಿ ತಮ್ಮನ ಕೈಗೆ ಕೊಟ್ಟಳು.

"ಹಾಂ ಅಮ್ಮ, ನಾನೇ" ಎಂದ ತಮ್ಮ. "ಆಯ್ತು, ಚೀಟಿ ಎಲ್ಲಾ ಸರಿ ಬಂತು. ನಿನ್ನ ಹಲ್ಲು ಮುಂದಿನ ವಾರ ಖಂಡಿತ... ಇಲ್ಲಮ್ಮ, ಈ ಸಲ ನಿಜವಾಗ್ಲೂ. ಲಿಸ್ಟೆಲ್ಲಾ ಇನ್ಮೇಲೆ ಅಕ್ಕನ ಕೈಲೇ ಇರುತ್ತೆ. ಸೋಮವಾರದಿಂದ ಅವಳೇ ನೋಡ್ಕೋತಾಳೆ."

ಅಕ್ಕನಿಗೆ ಅವಳ ಕೆಲಸ ಉಳಿದ ಸುದ್ದಿ ಮುಟ್ಟಿದ್ದು ಹೀಗೆ, ಫೋನಿನ ಈ ಬದಿಯಿಂದ, ಬೇರೆಯವರಿಗೆ ಹೇಳಿದ ಮಾತಿನಲ್ಲಿ. ಅವಳು ಒದ್ದೆ ಬಟ್ಟೆ ತಂದು ಹದಿನೇಳನೇ ಟ್ರೇಯ ಧೂಳು ಒರೆಸತೊಡಗಿದಳು.

ಫೋನಿನೊಳಗಿಂದ ಅಮ್ಮನ ದನಿ ಕೋಣೆಗೆಲ್ಲ ಕೇಳಿತು. ಅಕ್ಷರ ಅರ್ಧ ಉದುರಿದ್ದರೂ ಪ್ರಶ್ನೆ ಪೂರ್ತಿಯಾಗಿಯೇ ಬಂತು: "ಹಾಗಾದ್ರೆ ಇಷ್ಟು ದಿನ ಯಾರ ಕೈಲಿತ್ತೋ ಮಗಾ?"

ತಮ್ಮ ಅಕ್ಕನ ಮುಖ ನೋಡಿದ. ಅವಳು ಫೋನಿಗೆ ಕೈ ಚಾಚಲಿಲ್ಲ. ಟ್ರೇಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಹಿಂದಿನ ಕೋಣೆಗೆ ಹೋಗಿ, ಅವನ ಬೆಂಚಿನ ಮೇಲಿದ್ದ ಬೇರೆ ಟ್ರೇಗಳನ್ನು ಬದಿಗೆ ಸರಿಸಿ, ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟು ಬಂದಳು.